ಅಣ್ಣಾಜಿಯ ಹೊಲ, ಗದಿಗೆವ್ವನ ಬೆಣ್ಣೆ

ಅಣ್ಣಾಜಿಯ ಮನೆಯಲ್ಲಿ ತುಪ್ಪಕ್ಕೆ ಕೊರತೆ ಇರಲಿಲ್ಲ. ಉಳಿದದ್ದಕ್ಕೆಲ್ಲ ಇತ್ತು. ಹಾವೇರಿಯ ಆ ಬಾಡಿಗೆ ಮನೆಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಮೂರು ಕಾಲಿನ ಕುರ್ಚಿ. ನಾಲ್ಕನೆಯ ಕಾಲಿನ ಜಾಗದಲ್ಲಿ ಇಟ್ಟಿಗೆಗಳು ಇದ್ದವು. ಮೂಗಿಗೆ ಮೊದಲು ಬಡಿಯುತ್ತಿದ್ದದ್ದು ಬೆಣ್ಣೆ ಕಾಯಿಸಿದ ಘಮ. ಕುರ್ಚಿ ನೋಡಿ "ಅಯ್ಯ ಪಾಪ" ಅಂದವರು ಊಟಕ್ಕೆ ಕುಳಿತ ಮೇಲೆ ಮತ್ತೆ ಪಾಪ ಅನ್ನುತ್ತಿರಲಿಲ್ಲ. ಬಾಯಿ ಖಾಲಿ ಇದ್ದರಲ್ಲವೇ ಅನ್ನುವುದು!

ಇದೆಲ್ಲ ಹೆಂಡತಿ ಗೋದೂಬಾಯಿ ಮಾಡಿದ ಕಾಯಿದೆ. ಪಗಾರ ಕೈಗೆ ಬಂದ ಕೂಡಲೇ ಮೊದಲ ಪಾಲು ಹೊಲದ ಬಾಬತ್ತಿಗೆ ಹೋಗಬೇಕು. ಅಂದರೆ ಕಾಗಿನೆಲೆ ಕಡೆಯ ಬಿಳಿಜೋಳ, ಬ್ಯಾಡಗಿ ಮೆಣಸಿನಕಾಯಿ, ಗಾಣದ ಕುಸುಬಿ ಎಣ್ಣೆ, ಎಮ್ಮೆಯ ಬೆಣ್ಣೆ. ಆಮೇಲೆ ಮನೆ ಬಾಡಿಗೆ, ಮಕ್ಕಳ ಶಾಲೆ. ಅಷ್ಟರ ಮೇಲೂ ಏನಾದರೂ ಉಳಿದರೆ ಅಣ್ಣಾಜಿ. ಮದುವೆಯಾದಾಗಿನಿಂದ ಏನೂ ಉಳಿದಿರಲಿಲ್ಲವಾದ್ದರಿಂದ ಅಣ್ಣಾಜಿಯ ಕೊಡೆಗೆ ತೇಪೆ, ಪ್ಯಾಂಟಿಗೆ ತೇಪೆ, ಚಪ್ಪಲಿಗಂತೂ ತೇಪೆಯ ಮೇಲೆ ತೇಪೆ. ಅಸಲು ಚಪ್ಪಲಿ ಯಾವುದು ಎಂದು ಹೊಲಿದು ಕೊಟ್ಟವನಿಗೂ ಗೊತ್ತಿರಲಿಲ್ಲ.

ಪಕ್ಕದ ಮನೆಯ ವೆಂಕೂಬಾಯಿ ಕಲರ್ ಟೀವಿ ತಂದು, ಅದರ ಕಂತು ಕಟ್ಟುವುದಕ್ಕಾಗಿ ವನಸ್ಪತಿಯಲ್ಲಿ ಒಗ್ಗರಣೆ ಹಾಕುತ್ತಿದ್ದ ಕಾಲ ಅದು. ಅಣ್ಣಾಜಿ ಒಮ್ಮೆ ಧೈರ್ಯ ಮಾಡಿ, "ಗೋದೂ, ನಾವೂ ಒಂದು ಬ್ಲ್ಯಾಕ್ ಆಂಡ್ ವ್ಹೈಟರೆ..." ಎಂದಿದ್ದ.

"ತರ್ರಿ. ಸಂಜಿಗೆ ಅದನ್ನ ತಾಟಿನಾಗ ಹಾಕ್ಕೊಂಡು ಉಣ್ರಿ," ಎಂದಿದ್ದಳು ಗೋದೂಬಾಯಿ. ಮಾತು ಅಲ್ಲಿಗೇ ಮುಗಿದಿತ್ತು.

ಈ ಸಂಸಾರದ ಕಣ್ಣು ಅಂದರೆ ಬೆಣ್ಣೆ. ಬೆಣ್ಣೆಯ ಒಡತಿ ಗದಿಗೆವ್ವ. ಕಾಗಿನೆಲೆ ದಾರಿಯಲ್ಲಿ ಅವಳ ಹೊಲ, ಹೊಲದಲ್ಲೇ ಮನೆ, ಎಮ್ಮೆ, ಮತ್ತು ಎಮ್ಮೆಗಿಂತ ಸಾಧುವಾದ ಮಗ ಫಕ್ಕೀರಪ್ಪ. ಗದಿಗೆವ್ವ ಬೆಣ್ಣೆ ಮಾರುವವಳಲ್ಲ, ಕೊಡುವವಳು. ರೊಕ್ಕ ತೆಗೆದುಕೊಳ್ಳುತ್ತಿದ್ದಳು, ಆ ಮಾತು ಬೇರೆ. ಯಾರಿಗೆ ಕೊಡಬೇಕು, ಯಾರಿಗೆ ಬಿಡಬೇಕು ಎಂಬುದು ಅವಳ ಮರ್ಜಿ. ಬ್ಯಾಡಗಿಯ ಡಾಕ್ಟರೊಬ್ಬರು ಬೆಣ್ಣೆಯ ಮುದ್ದೆ ಹಿಚುಕಿ, "ನೀರೇನಾರ ಐತೇನವಾ?" ಎಂದು ಕೇಳಿದ್ದಕ್ಕೆ ಅವರ ಬೆಣ್ಣೆ ಅಂದೇ ಬಂದ್ ಆಗಿತ್ತು. ಡಾಕ್ಟರು ಹೆಂಡತಿಯನ್ನು ಕಳಿಸಿದರು, ಅತ್ತೆಯನ್ನು ಕಳಿಸಿದರು, ಕೊನೆಗೆ ತಾವೇ ಹೋಗಿ ಅಂಗಳದಲ್ಲಿ ನಿಂತರು. ಎಮ್ಮೆ ತಿರುಗಿ ನೋಡಿತು, ಗದಿಗೆವ್ವ ನೋಡಲಿಲ್ಲ. ಈ ಸುದ್ದಿ ಕೇಳಿದ ದಿನವೇ ಗೋದೂಬಾಯಿ ಗಂಡನನ್ನು ಎದುರು ನಿಲ್ಲಿಸಿಕೊಂಡು ಹೇಳಿದ್ದಳು: "ನೋಡ್ರಿ, ನಿಮ್ಮ ಬಾಯಿಂದ ಆ ಬೆಣ್ಣಿ ಏನರೆ ತಪ್ಪಿತು ಅಂದ್ರ ಮನಿ ಕಡೆ ಹೊಳ್ಳಿ ಬರಬ್ಯಾಡ್ರಿ."

ಅಣ್ಣಾಜಿಯ ಬಾಯಿಯ ಮೇಲೆ ಅವಳಿಗೆ ಭರವಸೆ ಇರಲಿಲ್ಲ. ಇರದಿದ್ದದ್ದೇ ಸರಿ.

ಆದದ್ದು ಆಫೀಸಿನಲ್ಲಿ. ಪ್ರಭುಲಿಂಗಪ್ಪ ಸಾಹೇಬರು ದಿನಾ ರಾಣೇಬೆನ್ನೂರಿನಿಂದ ರೈಲಿನಲ್ಲಿ ಬಂದು ಹೋಗುವವರು. ಅವರ ಎದುರು ಫೈಲು ಹಿಡಿದು ಬಗ್ಗಿ ನಿಂತಾಗ ಅಣ್ಣಾಜಿಯ ಚಪ್ಪಲಿಯ ಹೆಬ್ಬೆರಳು ಸಿಕ್ಕಿಸುವ ಉಂಗುಷ್ಠ ಕಿತ್ತು, ಚಪ್ಪಲಿ ಜಾರಿ ಸಾಹೇಬರ ಮೇಜಿನ ಕೆಳಗೆ ಹೋಗಿ ಅವರ ಪಾದದ ಹತ್ತಿರ ಶರಣಾಯಿತು. ಜವಾನ ಬುಡನಸಾಬ ರೂಲುಪಟ್ಟಿ ತಂದು ಅದನ್ನು ಹೊರಗೆಳೆದ.

"ಸಾಹೇಬ್ರ, ಇದು ಚಪ್ಲಿ ಅಲ್ರಿ. ಚಪ್ಲಿಗೋಳ ಅಜ್ಜ, ಮುತ್ತ್ಯಾ!" ಎಂದ.

ಇಡೀ ಆಫೀಸು ನಕ್ಕಿತು. ಸಾಹೇಬರು ನಗಲಿಲ್ಲ, ಅದರಿಂದಲೇ ಅಣ್ಣಾಜಿಗೆ ಹೆಚ್ಚು ನೋವಾಯಿತು. ಅವರು ಮರುಕದಿಂದ, "ಅಣ್ಣಾಜಿ, ಇಸ್ಪೇಟ್ ಆಡತೀರೇನ್ರಿ? ಪಗಾರ ಎಲ್ಲಿ ಹೋಗತೈತಿ?" ಎಂದು ಕೇಳಿದರು.

ಮಧ್ಯಾಹ್ನ ಎಲ್ಲರೂ ಡಬ್ಬಿ ಬಿಚ್ಚಿ ಕುಳಿತರು. ಅಣ್ಣಾಜಿಯ ಡಬ್ಬಿಯಲ್ಲಿ ಬಿಳಿಜೋಳದ ರೊಟ್ಟಿ, ಕೆಂಪು ಮೆಣಸಿನಕಾಯಿಯ ಚಟ್ನಿ, ಅದರ ಮೇಲೆ ಲಿಂಬೆಹಣ್ಣಿನಷ್ಟು ಬೆಣ್ಣೆ. ಸಾಹೇಬರು ಒಂದು ತುತ್ತು ಕೇಳಿ ತಿಂದರು. ಎರಡನೆಯದನ್ನು ಕೇಳದೆಯೇ ತಿಂದರು. ಕಣ್ಣು ಮುಚ್ಚಿಕೊಂಡು, "ಎಲ್ಲೀದ್ರಿ ಈ ಬೆಣ್ಣಿ?" ಎಂದರು.

ಚಪ್ಪಲಿಯ ಗಾಯ ಇನ್ನೂ ಹಸಿಯಾಗಿತ್ತು. ಅಣ್ಣಾಜಿ ಎದೆ ಉಬ್ಬಿಸಿದ. ಅಲ್ಲಿಂದ ಮುಂದೆ ಮಾತಾಡಿದ್ದು ಅವನಲ್ಲ, ಆ ಉಬ್ಬಿದ ಎದೆ.

"ನಮ್ಮ ಸ್ವಂತ ಹೊಲದ್ದು ರೀ! ಜೋಳ, ಮೆಣಸಿನಕಾಯಿ, ಬೆಣ್ಣಿ, ಎಲ್ಲಾ ನಮ್ಮ ಹೊಲದ್ದ. ಕಾಗಿನೆಲಿ ದಾರ್ಯಾಗ ಅದ. ಹೇಳ್ಕೋತ ಅಡ್ಡಾಡೋ ಚಟ ನನಗಿಲ್ಲ ನೋಡ್ರಿ."

ಹೇಳಿಕೊಳ್ಳುವ ಚಟ ಅವನಿಗೆ ಇಲ್ಲದಿದ್ದರೇನು, ಬುಡನಸಾಬನಿಗಿತ್ತು. ಸಂಜೆಯೊಳಗೆ ಸುದ್ದಿ ಬಸ್ ಸ್ಟ್ಯಾಂಡು ದಾಟಿತು. ಚಹಾದಂಗಡಿಯ ಮಹಮ್ಮದಗೌಸ ಅಂದಿನಿಂದ ಅಣ್ಣಾಜಿಗೆ ಬಸಿಗೆ ಸುರಿದು ಚಹಾ ಕೊಡುವುದನ್ನು ಬಿಟ್ಟು ಕಪ್ಪಿನಲ್ಲಿ ಕೊಡತೊಡಗಿದ. ವೆಂಕೂಬಾಯಿ ತನ್ನ ಗಂಡನಿಗೆ, "ನೋಡ್ರಿ, ಹೊಲ ಇದ್ದೂ ಹರಕ ಚಪ್ಲಿ ಮೆಟ್ಟತಾರ. ಇದಕ್ಕಂತಾರ ದೊಡ್ಡಸ್ತನ," ಎಂದಳು. ನಿನ್ನೆ ದರಿದ್ರತನವಾಗಿದ್ದ ಚಪ್ಪಲಿ ಇವತ್ತು ಸರಳತೆ ಆಗಿಹೋಯಿತು. ಊರಿನ ಕಣ್ಣು ಹೀಗೆ.

ಬಂದ ತಾಪತ್ರಯವೆಂದರೆ ಗಂಗಾಧರ. ಅಣ್ಣಾಜಿಯ ದೊಡ್ಡಪ್ಪನ ಮಗ. ರಾಣೇಬೆನ್ನೂರಿನಲ್ಲಿ ಬೀಜದಂಗಡಿಯ ಗುಮಾಸ್ತ. ಸುದ್ದಿ ಸಾಹೇಬರ ರೈಲು ಹತ್ತಿ ಅಲ್ಲಿಗೂ ಮುಟ್ಟಿತ್ತು. ಭಾನುವಾರ ಬೆಳಿಗ್ಗೆ ಬಂದವನು ಕೈಕಾಲು ಕೂಡ ತೊಳೆಯದೆ ಬಾಗಿಲಲ್ಲೇ ನಿಂತ. ಪುಣ್ಯಕ್ಕೆ ಗೋದೂಬಾಯಿ ಗುಡಿಗೆ ಹೋಗಿದ್ದಳು.

"ಅಜ್ಜ ಬಿಟ್ಟ ಹೊಲಾ ಒಬ್ನ ಹೊಡಕೊಂಡು ಕುಂತೀಯಲ್ಲೋ, ನಾಚಿಕಿ ಬರೂದಿಲ್ಲೇನು? ನನ್ನ ಪಾಲೆಲ್ಲಿ?"

"ಗಂಗ್ಯಾ, ಅಜ್ಜ ಬಿಟ್ಟಿದ್ದು ಆ ಕುರ್ಚಿ ಒಂದ. ಹೊಲ ಇಲ್ಲೋ, ನಿನ್ನಾಣಿ!"

"ನೋಡು, ಆಣಿ ಬ್ಯಾರೆ ಹಾಕ್ತಾನ! ಇಲ್ಲದವ ಇಲ್ಲಾ ಅಂತ ಇಷ್ಟು ಗಾಬರಿಯಾಗಿ ಯಾಕ ಹೇಳ್ತಾನ? ನಾ ಕಣ್ಣಿಲೆ ನೋಡೇ ತೀರಾಂವ."

ಖರೆ ಹೇಳಿದರೆ ನಂಬುವವರಿಲ್ಲ, ಸುಳ್ಳು ಹೇಳಿದ್ದನ್ನು ಬಿಡುವವರಿಲ್ಲ. ಇಷ್ಟರೊಳಗೆ ಸಂಕ್ರಾಂತಿ ಹತ್ತಿರ ಬಂತು, ಸಾಹೇಬರ ಬಾಯಿಂದ ಆ ಮಾತೂ ಬಂತು.

"ಅಣ್ಣಾಜಿ, ಸೀತನಿಗೆ ಯಾವಾಗ ಕರೀತೀರಿ?"

ಸೀತನಿಯ ರುಚಿ ಕಂಡವರಿಗೆ ಇದು ಎಂಥ ಇಕ್ಕಟ್ಟೆಂದು ಹೇಳಬೇಕಿಲ್ಲ. ಹಾಲು ತುಂಬಿದ ಹಸಿ ಜೋಳದ ತೆನೆಯನ್ನು ಕುಳ್ಳಿನ, ಅಂದರೆ ಬೆರಣಿಯ, ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಉಜ್ಜಿ, ಉದುರಿದ ಕಾಳನ್ನು ಬೆಲ್ಲ, ಚಟ್ನಿ, ಮೊಸರಿನ ಜೊತೆ ಹೊಲದಲ್ಲೇ ಕುಳಿತು ತಿನ್ನುವುದು. ಹೊಲ ಇದ್ದವನು ಬೇಕಾದವರನ್ನು ಸೀತನಿಗೆ ಕರೆಯಲೇಬೇಕು. ಹೊಲ ಇದ್ದೂ ಕರೆಯದವನನ್ನು ಈ ಸೀಮೆಯಲ್ಲಿ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಣ್ಣಾಜಿ ಮೊದಲು, "ತೆನಿ ಇನ್ನೂ ಎಳೀವು ಅವ ರೀ," ಎಂದ. ಮರುವಾರ, "ಬಲತು ಹೋದ್ವು ರೀ," ಎಂದ. ಸಾಹೇಬರು, "ಎಳೀವು ಇದ್ದದ್ದು ಬಲಿಯೂದರ ನಡುವ ಒಂದು ದಿನಾನೂ ಬರಲಿಲ್ಲೇನ್ರಿ?" ಎಂದು ಕೇಳಿ, ಸಂಕ್ರಾಂತಿಯ ಸೂಟಿ ದಿನವೇ ಬರುತ್ತೇವೆಂದು ತಾವೇ ಗೊತ್ತು ಮಾಡಿಬಿಟ್ಟರು.

ಅಣ್ಣಾಜಿ ಬ್ಯಾಡಗಿ ಪೇಟೆಗೆ ಓಡಿದ. ಮೆಣಸಿನಕಾಯಿ ರಾಶಿಗಳ ನಡುವೆ ಕುಳಿತಿದ್ದ ಫಕ್ಕೀರಪ್ಪನಿಗೆ ತನ್ನ ಕಥೆ ಹೇಳುವಷ್ಟರಲ್ಲಿ ಎಷ್ಟು ಸೀನು ಬಂದವೆಂದರೆ, ಕಣ್ಣೀರು ಘಾಟಿಗೆ ಬಂದದ್ದೋ ದುಃಖಕ್ಕೆ ಬಂದದ್ದೋ ಫಕ್ಕೀರಪ್ಪನಿಗೆ ತಿಳಿಯಲಿಲ್ಲ. ಎರಡೂ ಇರಬಹುದೆಂದು ಅವನು ಕರಗಿದ.

"ಒಂದ ದಿನದ್ದು ಹೌದಲ್ರಿ? ಆ ದಿನ ಹೊಲ ನಿಮ್ದು, ಹೋಗ್ರಿ. ನಾ ನಿಮ್ಮ ಆಳು. ಹೊಲ ಏನು ಸವದು ಹೋಗತೈತೇನು?" ಎಂದವನು ತಟ್ಟನೆ ದನಿ ತಗ್ಗಿಸಿದ. "ಆದ್ರ ನಮ್ಮವ್ವಗ ಗೊತ್ತಾಗಬಾರದ್ರಿ. ಗೊತ್ತಾತಂದ್ರ ನಿಮ್ಮ ಬೆಣ್ಣಿ ಹೋತು, ನನ್ನ ರೊಟ್ಟೀನೂ ಹೋತು. ಆ ದಿನ ಹೊಳಿ ಝಳಕಕ್ಕಂತ ಗಳಗನಾಥಕ್ಕ ಹೊಂಟಾಳ, ಚಲೋ ಆತು."

ಹೀಗೆ ಅಣ್ಣಾಜಿ ಒಂದು ದಿನದ ಮಟ್ಟಿಗೆ ಜಮೀನ್ದಾರನಾದ. ಹೆಂಡತಿಗೆ, "ಸಾಹೇಬ್ರು ಫಕ್ಕೀರಪ್ಪನ ಹೊಲಾ ನೋಡಬೇಕಂತಾರ," ಎಂದಷ್ಟೇ ಹೇಳಿದ. ಅವಳು ಚಟ್ನಿ, ಮೊಸರು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕಟ್ಟಿಕೊಟ್ಟು, "ಬಾಯಿ ಸಂಭಾಳಿಸ್ರಿ," ಎಂದಳು.

ಸಂಕ್ರಾಂತಿಯ ದಿನ ಸಾಹೇಬರು ಕಂಕುಳಲ್ಲಿ ದೊಡ್ಡದೊಂದು ಸ್ಟೀಲ್ ಡಬ್ಬಿ ಇಟ್ಟುಕೊಂಡು ಬಂದರು. ಅದು ಖಾಲಿ ಇತ್ತು. ಖಾಲಿ ಹೊಳ್ಳಿ ಹೋಗುವ ಉದ್ದೇಶ ಅದಕ್ಕಿರಲಿಲ್ಲ ಎಂಬುದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ಜೊತೆಗೆ ಬುಡನಸಾಬ, ಆಫೀಸಿನ ಉಳಿದ ಮಂದಿ, ಮತ್ತು ಯಾರೂ ಕರೆಯದ ಗಂಗಾಧರ.

ಫಕ್ಕೀರಪ್ಪ ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ, ಸೊಂಟ ಬಗ್ಗಿಸಿ, "ಬರ್ರಿ ಧಣ್ಯಾರ," ಎಂದ. ಇಷ್ಟಾದದ್ದೇ ತಡ, ಅಣ್ಣಾಜಿಯ ತಲೆ ತಿರುಗಿತು. ಸುಮ್ಮನಿದ್ದರೆ ಚೆನ್ನಾಗಿತ್ತು, ಧಣಿ ಅಂದಮೇಲೆ ಆಳಿಗೆ ಎರಡು ಮಾತು ಅನ್ನಬೇಡವೇ? ಹೊಲದ ಅಂಚಿನುದ್ದಕ್ಕೂ ಹಳದಿ ಹೂ ಬಿಟ್ಟ ಮುಳ್ಳುಗಿಡಗಳು ನಿಂತಿದ್ದವು. ಅಣ್ಣಾಜಿ ಕೊಡೆಯ ತುದಿಯಿಂದ ತೋರಿಸಿ ಗದರಿಸಿದ.

"ಏನೋ ಫಕ್ಕೀರಪ್ಪ, ಈ ಮುಳ್ಳುಕಂಟಿ ಇನ್ನೂ ಕಿತ್ತಿಲ್ಲಲ್ಲ! ಎಷ್ಟು ಸಲ ಹೇಳಬೇಕು?"

"ಕಿತ್ರ ನೀವು ಒಗ್ಗರಣಿಗೆ ಎಣ್ಣಿ ಎಲ್ಲಿಂದ ತರ್ತೀರಿ ಧಣ್ಯಾರ? ಅದು ಕುಸುಬಿ ರೀ," ಎಂದ ಫಕ್ಕೀರಪ್ಪ ನಗು ನುಂಗಿಕೊಂಡು.

ಸಾಹೇಬರು ಕೆಮ್ಮಿದರು. ಬುಡನಸಾಬ ಆಕಾಶ ನೋಡಿದ. ಅಣ್ಣಾಜಿ, "ಅದಽ, ಕುಸುಬಿನ. ನೋಡೋಣು ನಿನಗ ಗೊತ್ತದನೋ ಇಲ್ಲೋ ಅಂತ ಕೇಳಿದೆ," ಎಂದು ಕೊಡೆ ಕೆಳಗಿಳಿಸಿದ.

ಕುಳ್ಳಿನ ಕೆಂಡ ಕೆಂಪಾಯಿತು, ತೆನೆಗಳು ಚಟಚಟ ಅಂದವು. ಬಿಸಿ ಕಾಳಿಗೆ ಬೆಲ್ಲ ಹಚ್ಚಿಕೊಂಡು ಸಾಹೇಬರು ಮೊದಲ ಹಿಡಿ ಬಾಯಿಗೆ ಹಾಕಿದಾಗ ಅವರ ಮುಖದಲ್ಲಿ ಪ್ರಮೋಷನ್ ಸಿಕ್ಕ ಕಳೆ ಬಂತು. "ಅಣ್ಣಾಜಿ, ನೀವು ಪುಣ್ಯವಂತರ್ರಿ," ಎಂದರು. ಅಣ್ಣಾಜಿಗೂ ಹಾಗೇ ಅನ್ನಿಸತೊಡಗಿತು. ಗಂಗಾಧರ ಮಾತ್ರ ತಿನ್ನುವುದನ್ನು ಬಿಟ್ಟು, ಹೆಜ್ಜೆಯಿಂದ ಹೊಲ ಅಳೆಯುತ್ತ, ಬೇವಿನ ಗಿಡದ ಹತ್ತಿರ ಕಟ್ಟಿಗೆಯಿಂದ ಗೆರೆ ಕೊರೆಯುತ್ತಿದ್ದ.

ಆಗ ಗದಿಗೆವ್ವ ಬಂದಳು.

ಸಂಕ್ರಾಂತಿಯ ಗದ್ದಲದಲ್ಲಿ ಗಳಗನಾಥದ ಬಸ್ಸಿನ ಬಾಗಿಲಿಗೂ ಮಂದಿ ಜೋತುಬಿದ್ದಿದ್ದರಂತೆ. ಹಾವೇರಿ ಸ್ಟ್ಯಾಂಡಿನಲ್ಲಿ ಬೇಸರಾಗುವ ತನಕ ಕಾದು, ಬುತ್ತಿಗಂಟು ತಲೆಯ ಮೇಲೆ ಇಟ್ಟುಕೊಂಡು ಹೊಳ್ಳಿ ಬಂದವಳಿಗೆ ಮೊದಲು ಕಂಡವನೇ ಗೆರೆ ಕೊರೆಯುವ ಗಂಗಾಧರ.

"ಯಾವನೋ ನೀನು? ನಮ್ಮ ಹೊಲದಾಗ ಏನು ಕೆರೀತೀ?"

"ನಾನೇನು? ಇದರಾಗ ಅರ್ಧದ ಮಾಲಕ ಇದ್ದೀನಿ."

"ಅರ್ಧ? ಮತ್ತ ಉಳಿದರ್ಧ?"

"ಅಲ್ಲಿ ಕುಂತು ಸೀತನಿ ಮುಕ್ಕಲಿಕ್ಕತ್ಯಾನಲ್ಲ, ಅಣ್ಣಾಜಿ, ಅವಂದು."

ಗದಿಗೆವ್ವ ಆ ಕಡೆ ನೋಡಿದಳು. ಕಂಬಳಿಯ ಮೇಲೆ ಅಣ್ಣಾಜಿ ಗದ್ದುಗೆ ಏರಿದಂತೆ ಕುಳಿತಿದ್ದ. ಮಗ ಕೈಕಟ್ಟಿ ನಿಂತು, "ಇನ್ನೊಂದು ತೆನಿ ಸುಡಲೇನ್ರಿ ಧಣ್ಯಾರ?" ಎನ್ನುತ್ತಿದ್ದ. ಮುದುಕಿಯ ತಲೆಯ ಮೇಲಿನ ಗಂಟು ಜಾರಿ ನೆಲಕ್ಕೆ ಬಿತ್ತು. ಎಲ್ಲರೂ ಬೈಗುಳಕ್ಕೆ ಸಿದ್ಧರಾದರು. ಅವಳು ಬೈಯಲಿಲ್ಲ. ಅಲ್ಲೇ ಬದುವಿನ ಮೇಲೆ ಕುಸಿದು ಕುಳಿತು ಮಣ್ಣು ಬಡಿಯುತ್ತ ಅಳತೊಡಗಿದಳು.

"ಮಾರಿದ್ಯೇನೋ ಫಕ್ಕೀರಾ? ನನಗೊಂದು ಮಾತು ಕೇಳದ ಮಾರಿದ್ಯೇನೋ? ನಿಮ್ಮಪ್ಪ ಬಾವಿ ತೋಡಿ ತೋಡಿ ಬೆನ್ನು ಮುರಕೊಂಡ ಹೊಲಾನೋ ಇದು! ಅದಕ್ಕ ನನ್ನ ಗಳಗನಾಥಕ್ಕ ಅಟ್ಟಿದ್ಯಾ?"

ಫಕ್ಕೀರಪ್ಪ ತಾಯಿಯನ್ನು ನೋಡಿದ, ಅಣ್ಣಾಜಿಯನ್ನು ನೋಡಿದ. ಅಣ್ಣಾಜಿ ಸಾಹೇಬರನ್ನು ನೋಡಿದ. ಸುಮ್ಮನಿದ್ದರೆ ಆಫೀಸಿನಲ್ಲಿ ಮಾನ ಉಳಿಯುತ್ತದೆ, ಮುದುಕಿಗೆ ಆಮೇಲೆ ಫಕ್ಕೀರಪ್ಪ ಹೇಗೋ ಸಮಾಧಾನ ಹೇಳಿಕೊಂಡಾನು. ಬಾಯಿ ಬಿಟ್ಟರೆ ಮಾನವೂ ಹೋಯಿತು, ಬೆಣ್ಣೆಯೂ ಹೋಯಿತು, ಮನೆಯ ಬಾಗಿಲೂ ಹೋಯಿತು. ಆದರೆ ಮುದುಕಿ ಮಣ್ಣು ಬಡಿಯುವ ಸದ್ದು ಕೇಳುತ್ತ ಸೀತನಿ ನುಂಗುವಷ್ಟು ಗಟ್ಟಿ ಗಂಟಲು ಅಣ್ಣಾಜಿಗೆ ದೇವರು ಕೊಟ್ಟಿರಲಿಲ್ಲ. ಅವನು ಎದ್ದು ಓಡಿದ. ತೇಪೆಯ ಚಪ್ಪಲಿ ಅರ್ಧ ದಾರಿಯಲ್ಲಿ ಮತ್ತೆ ಕಿತ್ತಿತು. ಒಂದೇ ಕಾಲಿನ ಚಪ್ಪಲಿಯಲ್ಲಿ ಹೋಗಿ ಅವಳೆದುರು ಕುಕ್ಕುರಗಾಲಲ್ಲಿ ಕುಳಿತ.

"ಅಳಬ್ಯಾಡವಾ! ಯಾರೂ ಮಾರಿಲ್ಲ, ಯಾರೂ ಕೊಂಡಿಲ್ಲ. ಹೊಲ ನಿಂದ ಅದ. ನಾ ಆಫೀಸಿನಾಗ ಸುಳ್ಳು ಹೇಳಿದೆ, ನಮ್ಮ ಹೊಲ ಅಂತ ಜಂಬ ಕೊಚ್ಚಿದೆ. ನನ್ನ ಹೆಸರಿಲೆ ಇರೋದು ಒಂದು ಕುರ್ಚಿ, ಅದಕ್ಕೂ ಮೂರ ಕಾಲು! ನಿನ್ನ ಮಗಂದು ತಪ್ಪಿಲ್ಲ. ನನಗೇನರೆ ಶಿಕ್ಷಾ ಕೊಡು. ಬೆಣ್ಣಿ ಮಾತ್ರ ನಿಲ್ಲಿಸಬ್ಯಾಡವಾ. ಗೋದೂ ನನ್ನ ಮನಿಯಾಗ ಸೇರಸೂದಿಲ್ಲ!"

ಕೆಂಡದಲ್ಲಿ ಒಂದು ತೆನೆ ಚಟ್ ಅಂದಿತು.

ಮೊದಲು ದನಿ ಎತ್ತಿದವನು ಗಂಗಾಧರ. "ಹಂಗಾದ್ರ ನನ್ನ ಪಾಲು?"

"ನಿಮ್ಮ ಪಾಲಿನ ಸೀತನಿ ಇಲ್ಲೈತ್ರಿ, ಲಗೂ ಬರ್ರಿ, ಆರಾಕತ್ತೈತಿ," ಎಂದ ಬುಡನಸಾಬ.

ಸಾಹೇಬರು ಎದ್ದು ಬಂದರು. ಅಣ್ಣಾಜಿ ಕಣ್ಣು ಮುಚ್ಚಿದ. ಆದರೆ ಸಾಹೇಬರು ಅವನನ್ನು ದಾಟಿಕೊಂಡು ಹೋಗಿ ಗದಿಗೆವ್ವನ ಎದುರು ಬಗ್ಗಿದರು. "ಹಂಗಾರ ಆ ಬೆಣ್ಣಿ ನಿಮ್ದೇನ್ರಿ, ಯಮ್ಮಾ?" ಎಂದು ಖಾಲಿ ಡಬ್ಬಿಯನ್ನು ಅವಳ ಮುಂದಿಟ್ಟರು. ಇಷ್ಟು ವಿನಯ ಅವರು ಧಾರವಾಡದಿಂದ ಬಂದ ಮೇಲಧಿಕಾರಿಗೂ ತೋರಿಸಿದ್ದನ್ನು ಯಾರೂ ಕಂಡಿರಲಿಲ್ಲ.

ಗದಿಗೆವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಹೊಲ ತನ್ನದೇ ಎಂದು ಖಾತ್ರಿಯಾದ ಕೂಡಲೇ ಅವಳ ದನಿಯೂ ಹೊಳ್ಳಿ ಬಂತು. ಆ ದನಿಯಲ್ಲಿ ಮೊದಲು ಮಗನಿಗೆ ಸಲ್ಲಬೇಕಾದದ್ದು ಸಂದಿತು. ಆಮೇಲೆ ಅಣ್ಣಾಜಿಯ ಸರದಿ.

"ಗೋದವ್ವ ಹರಕ ಸೀರಿ ಉಟ್ಟಾಳು, ಬೆಣ್ಣಿ ರೊಕ್ಕ ಒಂದು ತಿಂಗಳ ತಪ್ಪಿಸಿಲ್ಲ. ಆಕಿ ಮಾರಿ ನೋಡಿ ಬಿಟ್ಟೇನಿ, ಇಲ್ಲಾಂದ್ರ ನಿನಗ ಮಜ್ಜಿಗಿನೂ ಹುಟ್ಟುತ್ತಿದ್ದಿಲ್ಲ. ಹೊಲ ನಂದು ಅಂದಿ ಹೌದಲ್ಲೋ? ಆತು, ನಿಂದ ಅನ್ನು. ಹೊಲದಾಂವ ಹೊಲ ಕಾಯಬೇಕು. ಗಿಳಿ ಗುಬ್ಬಿ ತೆನಿ ಮುಕ್ಕಾಕತ್ತಾವು. ಸುಗ್ಗಿ ಆಗೂಮಟ ಐತವಾರಕ್ಕೊಮ್ಮೆ ಬಂದು ಅಟ್ಟಣಿಗಿ ಹತ್ತಿ ಹಕ್ಕಿ ಕಾಯಿ. ಒಂದು ಐತವಾರ ತಪ್ಪಿತೋ, ಬೆಣ್ಣಿ ಬಂದ್!"

ಅಣ್ಣಾಜಿ ಕೈ ಮುಗಿದ. ಗದಿಗೆವ್ವ ಸಾಹೇಬರ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ನಿಮಗೂ ಬೇಕೇನು? ಆ ಮೂಡಣ ಕಡೆ ಇನ್ನೊಂದು ಅಟ್ಟಣಿಗಿ ಖಾಲಿ ಐತ್ರಿ."

ಹೀಗಾಗಿ ಮುಂದಿನ ಭಾನುವಾರ ಕಾಗಿನೆಲೆ ಬಸ್ಸಿನ ಕಿಟಕಿಯಿಂದ ಜನ ಕಂಡ ನೋಟ ಇದು: ಮೂಡಣ ಅಟ್ಟಣಿಗೆಯ ಮೇಲೆ ಪ್ರಭುಲಿಂಗಪ್ಪ ಸಾಹೇಬರು, ಪಡುವಣ ಅಟ್ಟಣಿಗೆಯ ಮೇಲೆ ಅಣ್ಣಾಜಿ, ಇಬ್ಬರ ಕೈಯಲ್ಲೂ ತಗಡಿನ ಡಬ್ಬಿ ಮತ್ತು ಕೋಲು. ಆದರೆ ಇಡೀ ಜನ್ಮ ಆಫೀಸಿನಲ್ಲಿ ಕಳೆದವರಿಗೆ ಆ ಚಾಳಿ ಅಷ್ಟು ಸುಲಭಕ್ಕೆ ಬಿಟ್ಟೀತೇ? ಗಿಳಿಗಳ ಹಿಂಡು ಇಳಿದ ಕೂಡಲೇ ಸಾಹೇಬರು ಡಬ್ಬಿ ಬಡಿದು ಅವನ್ನು ನೇರ ಅಣ್ಣಾಜಿಯ ಕಡೆಗೆ ಅಟ್ಟಿದರು.

"ಅಣ್ಣಾಜಿ! ನಿಮ್ಮ ಕಡೆ ಕಳಿಸೇನಿ! ಲಗೂ ವಿಲೇವಾರಿ ಮಾಡ್ರಿ!"

ಅಣ್ಣಾಜಿ ಕೆಳಗೆ ನೋಡಿದ. ತನ್ನ ಕೈಕೆಳಗೆ ಯಾರೂ ಇರಲಿಲ್ಲ, ಇದ್ದದ್ದು ಜೋಳ. ಇಷ್ಟು ವರ್ಷದ ನೌಕರಿಯಲ್ಲಿ ಎಂದೂ ಮಾಡದ ಕೆಲಸವನ್ನು ಅವನು ಅಂದು ಮಾಡಿದ. ಜೋರಾಗಿ ಡಬ್ಬಿ ಬಾರಿಸಿ ಅರಚಿದ: "ಆಗೂದಿಲ್ರಿ ಸಾಹೇಬ್ರ! ನಿಮ್ಮ ಕಡೇನ ವಾಪಸ್ ಕಳಿಸೀನಿ! ಮರುಪರಿಶೀಲನಾ ಮಾಡ್ರಿ!"

ಗಿಳಿಗಳು ಅತ್ತ ಹೋದವು, ಇತ್ತ ಬಂದವು. ಕೊನೆಗೆ ಹೊಲದ ನಡುವೆ ನಿಂತ ಗದಿಗೆವ್ವ, "ಏ! ಹಕ್ಕಿ ಅಡ್ಡಾಡಸಾಕ ಬಂದೀರೋ, ಓಡಸಾಕ ಬಂದೀರೋ?" ಎಂದು ಒಂದೇ ಸಲ ಕೂಗಿದಳು. ಗಿಳಿಗಳು ಊರು ಬಿಟ್ಟು ಹೋದವು. ಇಬ್ಬರೂ ನೌಕರರು ಡಬ್ಬಿ ಕೆಳಗಿಟ್ಟರು.

ಸಂಜೆ ಗಂಟಲು ಬಿದ್ದುಹೋದ ಅಣ್ಣಾಜಿ ಬೆಣ್ಣೆಯ ಗಡಿಗೆ ಹಿಡಿದು ಮನೆಗೆ ಬಂದ. ದಾರಿಯುದ್ದಕ್ಕೂ ಹೆಂಡತಿಗೆ ಹೇಳಬೇಕಾದ ಸುಳ್ಳನ್ನು ಬಾಯಿಪಾಠ ಮಾಡಿಕೊಂಡಿದ್ದ. ಗೋದೂಬಾಯಿ ಗಡಿಗೆಯ ಅರಿವೆ ಬಿಚ್ಚಿ ನೋಡಿದಳು. ಮುದ್ದೆ ಎಂದಿಗಿಂತ ದೊಡ್ಡದಿತ್ತು. ಅವನ ಕಡೆ ತಿರುಗಿ, "ಕೈಕಾಲು ತೊಳಕೋರಿ ಧಣ್ಯಾರ, ಬಡಸ್ತೀನಿ," ಎಂದಳು.

ಧಣ್ಯಾರ ಎಂಬ ಮಾತು ಕೇಳಿ ಅಣ್ಣಾಜಿಯ ಬಾಯಿಪಾಠ ಮರೆತುಹೋಯಿತು. ಅವಳಿಗೆ ಎಲ್ಲವೂ ಗೊತ್ತಾಗಿತ್ತು. ಹೇಳಿದವರು ಯಾರೆಂದು ಕೇಳಲು ಗಂಟಲೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ತಲೆ ತಗ್ಗಿಸಿ ಬಚ್ಚಲಿಗೆ ನಡೆದ. ಬಾಗಿಲಲ್ಲಿ ಏನೋ ಕಾಲಿಗೆ ತಾಗಿತು.

ಹೊಸ ಚಪ್ಪಲಿ. ತೇಪೆ ಇಲ್ಲದ್ದು, ಗಟ್ಟಿ ತೊಗಲಿನದು.

ಅಣ್ಣಾಜಿ ಹೆಂಡತಿಯ ಮುಖ ನೋಡಿದ. ಮದುವೆಯಾದಾಗಿನಿಂದ ಪಗಾರದಲ್ಲಿ ತನಗೆಂದು ಏನೂ ಉಳಿಯದ ಮನೆಯಿದು. ಇಲ್ಲದ ದನಿಯಲ್ಲಿ, "ಗೋದೂ, ಇದಕ್ಕ ರೊಕ್ಕ...?" ಎಂದ.

ಗೋದೂಬಾಯಿ ರೊಟ್ಟಿಯ ಮೇಲೆ ಬೆಣ್ಣೆ ಇಡುತ್ತಿದ್ದಳು, ತಲೆ ಎತ್ತಲಿಲ್ಲ.

"ಐತವಾರಕ್ಕೊಮ್ಮೆ ಹೊಲಕ್ಕ ಹೋಗೋರಿಗೆ ಚಪ್ಲಿ ಬ್ಯಾಡೇನು? ಹೊಲದ ಬಾಬತ್ತಿನಾಗ ಹಾಕೀನಿ. ಅದು ಮೊದಲನೇ ಪಾಲು."